ಒಲೆಯ ಹೊಗೆಗೂ ಒಂದು ಇತಿಹಾಸವಿದೆ

‘ಸೌದೆ ಒಲೆಯಲ್ಲಿ ಬೇಯಿಸಿದ ಊಟ’ ಎಂಬ ಫಲಕ ಈಗ ಕರಾವಳಿಯ ಹೆದ್ದಾರಿ ಬದಿಯ ಹೋಟೆಲುಗಳಲ್ಲಿ ಕಾಣಸಿಗುತ್ತದೆ. ಮಣ್ಣಿನ ಪಾತ್ರೆ, ತೆಂಗಿನ ಕರಟದ ಸೌಟು, ಮೂಲೆಯಲ್ಲಿ ಉರಿಯುವ ಒಲೆ. ಗ್ಯಾಸ್ ಒಲೆಯ ಮುಂದೆ ಬೆಳೆದ ಪೀಳಿಗೆಗೆ ಇದೊಂದು ಆಕರ್ಷಣೆ. ಇದರ ಬೆನ್ನಿಗೇ ಒಂದು ಮಾತೂ ಪ್ರಚಾರದಲ್ಲಿದೆ. ಹಿಂದಿನವರ ಒಲೆ ಶುದ್ಧವಾಗಿತ್ತು, ಅವರಿಗೆ ಕಾಯಿಲೆಯೇ ಇರಲಿಲ್ಲ, ಹೊಗೆಯಿಂದ ಯಾರಿಗೂ ಏನೂ ಆಗಲಿಲ್ಲ ಎಂಬುದು ಆ ಮಾತು.

ಬಾರ್ಕೂರಿನ ಕಡೆಯ ಹಿರಿಯ ಮಹಿಳೆಯೊಬ್ಬರ ಮುಂದೆ ಈ ಮಾತನ್ನು ಹೇಳಿದೆ. ಅವರು ನಕ್ಕರು. “ಹೊಗಿ ಇಲ್ದೆ ಗಂಜಿ ಬೇಯತ್ತಾ ಮಗಾ?” ಎಂದು ಕೇಳಿದರು. ಅವರ ಮನೆಗೆ ಗ್ಯಾಸ್ ಬಂದು ವರ್ಷಗಳಾಗಿವೆ. ಆದರೂ ಮಾತಿನ ನಡುವೆ ಸೆರಗಿನ ತುದಿಯಿಂದ ಕಣ್ಣೊರೆಸಿಕೊಳ್ಳುವ ಅಭ್ಯಾಸ ಅವರನ್ನು ಬಿಟ್ಟಿರಲಿಲ್ಲ.

ಹಳೆಯ ಸೌದೆ ಒಲೆ ನಿಜಕ್ಕೂ ಎಷ್ಟು ಶುಭ್ರವಾಗಿ ಉರಿಯುತ್ತಿತ್ತು? ಇದು ವಿಜ್ಞಾನದ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಇದು ಇತಿಹಾಸದ ಪ್ರಶ್ನೆಯೂ ಹೌದು. ಯಾಕೆಂದರೆ ಹೊಗೆಯನ್ನು ಯಾರು ಉಸಿರಾಡಿದರು, ಅದನ್ನು ಯಾರು ಅಳೆದರು, ಯಾವಾಗ ಅಳೆದರು ಎಂಬುದರಲ್ಲಿ ಒಂದು ಸಮಾಜದ ಚಿತ್ರವಿದೆ.

ಪ್ರವಾಸಿ ಕಂಡದ್ದು, ಕಾಣದ್ದು

ಇಂದು ಬ್ರಹ್ಮಾವರ ತಾಲೂಕಿನಲ್ಲಿರುವ ಬಾರ್ಕೂರು ಒಂದು ಕಾಲದಲ್ಲಿ ಆಳುಪರ ರಾಜಧಾನಿ. ಶಾಸನಗಳು ಇದನ್ನು ಬಾರಕನ್ಯಾಪುರ ಎನ್ನುತ್ತವೆ. ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಎಂಬ ಎರಡು ಆಡಳಿತ ವಿಭಾಗಗಳೇ ತುಳುನಾಡಿನಲ್ಲಿದ್ದವು. ಕೋಟೆಯ ಅವಶೇಷ, ಕತ್ತಲೆ ಬಸದಿ, ಕೋಟೆಕೇರಿ, ಮೂಡುಕೇರಿ, ಚೌಳಿಕೇರಿಗಳ ದೇವಸ್ಥಾನಗಳು ಆ ವೈಭವದ ಸಾಕ್ಷಿಗಳಾಗಿ ಉಳಿದಿವೆ.

1342ರಲ್ಲಿ ದೆಹಲಿಯಿಂದ ಚೀನಾದ ಕಡೆಗೆ ರಾಯಭಾರಿಯಾಗಿ ಹೊರಟ ಇಬ್ನ್ ಬತೂತ ಈ ಕರಾವಳಿಯನ್ನು ಹಾದುಹೋದ. ಅವನ ಬರಹದಲ್ಲಿ ಹೊನ್ನಾವರ ‘ಹಿನೌರ್’, ಬಸ್ರೂರು ‘ಅಬೂ ಸರೂರ್’, ಬಾರ್ಕೂರು ‘ಫಾಕನೂರ್’. ಫಾಕನೂರು ಹಿನ್ನೀರಿನ ದಡದ ದೊಡ್ಡ ಪಟ್ಟಣ, ಅಲ್ಲಿ ಉತ್ತಮ ಜಾತಿಯ ಕಬ್ಬು ಹೇರಳವಾಗಿ ಬೆಳೆಯುತ್ತದೆ, ಮುಸ್ಲಿಮರ ಒಂದು ಸಮುದಾಯವಿದೆ, ಅವರಿಗೆ ಖಾಝಿ ಮತ್ತು ಖತೀಬರಿದ್ದಾರೆ, ಜುಮಾ ಮಸೀದಿಯಿದೆ, ರಾಜ ಹಿಂದೂ, ಆದರೆ ಅವನ ಹಡಗುಗಳ ದಳಪತಿ ಒಬ್ಬ ಮುಸ್ಲಿಮ್ ಎಂದೆಲ್ಲ ಅವನು ಬರೆದಿದ್ದಾನೆ. ಹೊನ್ನಾವರದಲ್ಲಿ ಸುಲ್ತಾನನ ಮನೆಯ ಊಟವನ್ನಂತೂ ಬಹಳ ವಿವರವಾಗಿ ವರ್ಣಿಸಿದ್ದಾನೆ. ತಾಮ್ರದ ಪಾತ್ರೆ, ಸೌಟಿನಲ್ಲಿ ಬಡಿಸುವ ಅನ್ನ, ತುಪ್ಪ, ಮೆಣಸು-ಶುಂಠಿ-ನಿಂಬೆ-ಮಾವಿನ ಉಪ್ಪಿನಕಾಯಿ ಎಲ್ಲವೂ ಅಲ್ಲಿದೆ. ಹನ್ನೊಂದು ತಿಂಗಳು ರೊಟ್ಟಿಯ ಮುಖ ಕಾಣದೆ ಅನ್ನವನ್ನೇ ತಿಂದೆ ಎಂಬ ಅವನ ಗೊಣಗಾಟವೂ ದಾಖಲಾಗಿದೆ.

ಬಡಿಸಿದ ಹೆಣ್ಣು ಅವನ ಕಣ್ಣಿಗೆ ಬಿದ್ದಳು. ಬೇಯಿಸಿದವಳು ಬೀಳಲಿಲ್ಲ. ಇದು ಅವನೊಬ್ಬನ ತಪ್ಪಲ್ಲ. ಶಾಸನಗಳಲ್ಲಿ ಗದ್ದೆಯ ಗಡಿಯಿದೆ, ಅಕ್ಕಿಯ ಮುಡಿಯ ಲೆಕ್ಕವಿದೆ, ದೇವರ ನೈವೇದ್ಯದ ಅಳತೆಯಿದೆ. ಆ ನೈವೇದ್ಯ ಬೇಯಲು ಎಷ್ಟು ಹೊರೆ ಕಟ್ಟಿಗೆ ಉರಿಯಿತು, ಅದರ ಹೊಗೆ ಎಲ್ಲಿಗೆ ಹೋಯಿತು ಎಂಬ ಲೆಕ್ಕ ಮಾತ್ರ ಹುಡುಕಿದರೂ ಸಿಗುವುದು ಕಷ್ಟ.

ಆದರೆ ಊಹಿಸಲು ದಾರಿಯಿದೆ. ಕಬ್ಬು ಹೇರಳವಾಗಿದ್ದಲ್ಲಿ ಆಲೆಮನೆ ಇರಲೇಬೇಕು. ಆಲೆಮನೆ ಎಂದರೆ ದೊಡ್ಡ ಕೊಪ್ಪರಿಗೆ, ಅದರಡಿ ಗಂಟೆಗಟ್ಟಲೆ ಉರಿಯುವ ಬೆಂಕಿ. ಬಸ್ರೂರು, ಬಾರ್ಕೂರು, ಮಂಗಳೂರಿನ ಬಂದರುಗಳಿಂದ ಅಕ್ಕಿ ಹೊರಗೆ ಹೋಗುತ್ತಿತ್ತು ಎಂಬುದು 16ನೇ ಶತಮಾನದ ಪೋರ್ಚುಗೀಸ್ ಬರಹಗಳಿಂದ ತಿಳಿಯುತ್ತದೆ. ನಮ್ಮ ಕರಾವಳಿಯ ನಿತ್ಯದ ಊಟ ಕುಚಲಕ್ಕಿ. ಇದಕ್ಕೆ ಬೆಂಕಿ ಎರಡು ಬಾರಿ ಬೇಕು. ಮೊದಲು ಭತ್ತವನ್ನು ಹಂಡೆಯಲ್ಲಿ ಬೇಯಿಸಿ ಒಣಗಿಸಿ ಕುಟ್ಟಬೇಕು. ಆಮೇಲೆ ಆ ಅಕ್ಕಿಯನ್ನು ಅನ್ನ ಮಾಡಲು ಬೆಳ್ತಿಗೆ ಅಕ್ಕಿಗಿಂತ ಎಷ್ಟೋ ಹೆಚ್ಚು ಹೊತ್ತು ಉರಿಸಬೇಕು. ಹಸಿವನ್ನು ತಡೆಯುವ ಈ ಗಟ್ಟಿ ಅನ್ನದ ಹಿಂದೆ ಒಲೆಯ ಮುಂದೆ ಕಳೆದ ಗಂಟೆಗಳಿವೆ.

ಹಳೆಯ ಅಡುಗೆಮನೆಯ ವಿದ್ಯೆ

ಹೊಗೆ ಎಂದರೇನು? ಸರಳವಾಗಿ ಹೇಳುವುದಾದರೆ ಸುಡದೆ ಉಳಿದ ಸೌದೆಯೇ ಹೊಗೆ. ಕಟ್ಟಿಗೆ ಬಿಸಿಯಾದಾಗ ಮೊದಲು ಅದರೊಳಗಿನ ನೀರು ಆವಿಯಾಗುತ್ತದೆ. ಆಮೇಲೆ ಒಣ ಕಟ್ಟಿಗೆಯ ತೂಕದ ಸುಮಾರು ಮುಕ್ಕಾಲು ಪಾಲು ಅನಿಲವಾಗಿ ಹೊರಬರುತ್ತದೆ. ಉಳಿಯುವುದು ಕೆಂಡ. ನಾವು ಕಾಣುವ ಜ್ವಾಲೆ ಆ ಅನಿಲ ಉರಿಯುವ ದೃಶ್ಯ. ಅದು ಪೂರ್ತಿ ಉರಿಯಬೇಕಾದರೆ ಸಾಕಷ್ಟು ಬಿಸಿ ಬೇಕು, ಸಾಕಷ್ಟು ಗಾಳಿ ಬೇಕು, ಗಾಳಿ ಮತ್ತು ಅನಿಲ ಚೆನ್ನಾಗಿ ಬೆರೆಯಲು ಸ್ವಲ್ಪ ಹೊತ್ತು ಮತ್ತು ಜಾಗ ಬೇಕು. ಇವುಗಳಲ್ಲಿ ಒಂದು ಕಡಿಮೆಯಾದರೂ ಅನಿಲ ಅರ್ಧಕ್ಕೇ ತಣ್ಣಗಾಗಿ ಮಸಿಯಾಗಿ, ಅಂಟಾಗಿ, ಕಣ್ಣುರಿಸುವ ಹೊಗೆಯಾಗಿ, ಕಾರ್ಬನ್ ಮೊನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲವಾಗಿ ಹೊರಬೀಳುತ್ತದೆ.

ಈ ಶಾಸ್ತ್ರವನ್ನು ಪುಸ್ತಕದಲ್ಲಿ ಓದದಿದ್ದರೂ ನಮ್ಮ ಹಿಂದಿನವರಿಗೆ ಅದರ ಅರ್ಧ ಕೈಗತವಾಗಿತ್ತು. ಒಲೆಯ ಬಾಯಿಯ ಮೇಲೆ ಮೂರು ಗುಂಡುಗಳನ್ನಿಟ್ಟು ಪಾತ್ರೆಯನ್ನು ತುಸು ಎತ್ತರಿಸಿದ್ದು ಗಾಳಿ ಆಡಲಿಕ್ಕೆ. ದೊಡ್ಡ ದಿಮ್ಮಿಯನ್ನು ಒಡೆದು ಸೀಳು ಮಾಡಿದ್ದು ಬೇಗ ಬಿಸಿಯೇರಲಿಕ್ಕೆ. ಊದುಗೊಳವೆಯಿಂದ ಊದಿದ್ದು ಕೆಂಡಕ್ಕೆ ಗಾಳಿ ಕೊಡಲಿಕ್ಕೆ. ಒಲೆಯ ಪಕ್ಕದ ಕೋಡೊಲೆ ವ್ಯರ್ಥವಾಗುವ ಬಿಸಿಯಲ್ಲಿ ಇನ್ನೊಂದು ಪಾತ್ರೆ ಬೇಯಿಸಲಿಕ್ಕೆ.

ಎಲ್ಲಕ್ಕಿಂತ ಮುಖ್ಯವಾದದ್ದು ಸೌದೆಯನ್ನು ಒಣಗಿಸುವ ವಿದ್ಯೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಆಗತಾನೇ ಕಡಿದ ಹಸಿ ಮರದಲ್ಲಿ ತೂಕದ ಅರ್ಧದಷ್ಟು ನೀರೇ ಇರುವುದುಂಟು. ಆ ನೀರನ್ನು ಆವಿ ಮಾಡುವುದರಲ್ಲೇ ಬೆಂಕಿಯ ಶಕ್ತಿ ಮುಗಿದರೆ ಒಲೆಯ ಬಿಸಿ ಏರುವುದಿಲ್ಲ. ಬಿಸಿ ಏರದಿದ್ದರೆ ಹೊಗೆ ಉರಿಯುವುದಿಲ್ಲ. ಆದ್ದರಿಂದಲೇ ಬೇಸಿಗೆ ಮುಗಿಯುವ ಮುನ್ನ ಸೌದೆ ಕೊಟ್ಟಿಗೆ ತುಂಬಿಸುವುದು ನಮ್ಮೂರುಗಳಲ್ಲಿ ಭತ್ತ ಕಣಜ ತುಂಬಿಸಿದಷ್ಟೇ ಮುಖ್ಯ ಕೆಲಸವಾಗಿತ್ತು. ತೆಂಗಿನ ಮಡಲು, ಕೊತ್ತಳಿಗೆ, ಕರಟ, ಸಿಪ್ಪೆ, ಗಾಳಿಮರದ ಎಲೆ, ಯಾವುದೂ ವ್ಯರ್ಥವಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಒಂದಿಷ್ಟು ಸೌದೆ ಸದಾ ಒಣಗುತ್ತಿರುತ್ತಿತ್ತು. ಇಂದಿನ ಹೊಗೆಯೇ ನಾಳಿನ ಸೌದೆಯನ್ನು ಒಣಗಿಸುವ ವ್ಯವಸ್ಥೆ ಅದು. ಅದೇ ಅಟ್ಟದಲ್ಲಿ ಹುಣಸೆ, ಒಣಮೀನು, ಬೀಜದ ಕಾಯಿಗಳು ಹುಳ ಹಿಡಿಯದೆ ಉಳಿಯುತ್ತಿದ್ದವು. ಮಾಡಿನ ಮರಕ್ಕೆ ಗೆದ್ದಲು ಬರುತ್ತಿರಲಿಲ್ಲ.

ಹೀಗಾಗಿ ಹೊಗೆಗೆ ಮನೆಯಲ್ಲಿ ಒಂದು ಉದ್ಯೋಗವಿತ್ತು ಎನ್ನಬಹುದು. ಇದನ್ನು ಒಪ್ಪದೆ ಹಳೆಯ ಒಲೆಯನ್ನು ಬರೀ ಅಜ್ಞಾನವೆಂದು ಜರೆಯುವುದು ಸರಿಯಲ್ಲ.

ಆದರೆ ಇನ್ನೊಂದು ಮುಖವೂ ಇದೆ. ಆ ಅಟ್ಟದ ಅಡಿಭಾಗವನ್ನು ನೋಡಿದವರಿಗೆ ಇಲ್ಲಣ ಗೊತ್ತು. ಕಪ್ಪಾಗಿ, ಅಂಟಂಟಾಗಿ, ಜೇಡರಬಲೆಗೆ ತೂಗಿ ಇಳಿಬೀಳುವ ಆ ಮಸಿಯೇ ಹಳೆಯ ಒಲೆಯ ಬಗ್ಗೆ ಬರೆದಿಟ್ಟ ಸಾಕ್ಷಿ. ಶುಭ್ರವಾಗಿ ಉರಿಯುವ ಬೆಂಕಿ ಇಲ್ಲಣ ಬಿಡುವುದಿಲ್ಲ. ಮಾಡಿಗೆ ಅಂಟಿದ್ದು ಮೂಗಿನೊಳಗೂ ಹೋಗಿರಲೇಬೇಕು. ಪಾತ್ರೆಯ ತಳ ಕಪ್ಪಾಗುವುದೂ ಇದೇ ಕಾರಣಕ್ಕೆ. ಕುದಿಯುವ ನೀರಿನ ಪಾತ್ರೆ ಎಷ್ಟು ಬಿಸಿಯಿದ್ದರೂ 100 ಡಿಗ್ರಿಯ ಸುತ್ತಮುತ್ತ. ಜ್ವಾಲೆ ಅದರ ಹಲವು ಪಟ್ಟು ಬಿಸಿ. ಪೂರ್ತಿ ಉರಿಯುವ ಮೊದಲೇ ಜ್ವಾಲೆ ತಣ್ಣನೆಯ ತಳಕ್ಕೆ ತಾಗಿದರೆ ಅಲ್ಲೇ ನಂದಿ ಮಸಿಯಾಗುತ್ತದೆ.

ಸೌದೆಯ ಮೂಲವೂ ಎಲ್ಲರಿಗೆ ಒಂದೇ ಆಗಿರಲಿಲ್ಲ. ದಕ್ಷಿಣ ಕನ್ನಡದ ಭೂಪದ್ಧತಿಯಲ್ಲಿ ವರ್ಗ ಭೂಮಿಯುಳ್ಳವರಿಗೆ ಅದರ ಸುತ್ತಲಿನ 100 ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು ಸೌದೆ ತೆಗೆಯುವ ಕುಮ್ಕಿ ಹಕ್ಕಿತ್ತು. ಭೂಮಿಯಿಲ್ಲದವರಿಗೆ ಆ ಹಕ್ಕೂ ಇರಲಿಲ್ಲ. ಉಳ್ಳವರ ಮನೆಯಲ್ಲಿ ಒಣಗಿದ ಗಟ್ಟಿ ಸೌದೆ ಉರಿದರೆ, ಇಲ್ಲದವರ ಗುಡಿಸಲಿನಲ್ಲಿ ಹೊಳೆಯಲ್ಲಿ ತೇಲಿ ಬಂದ ಒದ್ದೆ ಕೊಂಬೆ, ತರಗೆಲೆ, ಹಸಿ ಸಿಪ್ಪೆ ಉರಿಯುತ್ತಿತ್ತು. ಹೊಗೆಯಲ್ಲೂ ಮೇಲು ಕೀಳು ಇತ್ತು.

ಬೀದಿಯ ಹೊಗೆಗೆ ಕಾನೂನು, ಮನೆಯ ಹೊಗೆಗೆ ಮೌನ

ಹೊಗೆಯಿಂದ ತೊಂದರೆಯಿದೆ ಎಂಬುದು ಜಗತ್ತಿಗೆ ಹೊಸ ಸಂಗತಿಯೇನಲ್ಲ. 12ನೇ ಶತಮಾನದಲ್ಲಿ ಸಿರಿಯಾದ ಶೈಝರಿ ಎಂಬ ವಿದ್ವಾಂಸ ಮಾರುಕಟ್ಟೆಯ ಮೇಲ್ವಿಚಾರಕನಾದ ಮುಹ್ತಸಿಬನಿಗಾಗಿ ಒಂದು ಕೈಪಿಡಿ ಬರೆದ. ರೊಟ್ಟಿ ಸುಡುವವರ ಅಂಗಡಿಯ ಮಾಡು ಎತ್ತರವಾಗಿರಬೇಕು, ಹೊಗೆ ಹೋಗಲು ಅಗಲವಾದ ಕಿಂಡಿಯಿರಬೇಕು, ಜನರಿಗೆ ಉಪದ್ರವವಾಗಬಾರದು ಎಂಬ ನಿಯಮ ಅದರಲ್ಲಿದೆ. ಹೊಗೆಯನ್ನು ನೆರೆಯವನಿಗೆ ಮಾಡುವ ಅನ್ಯಾಯವೆಂದು ಗುರುತಿಸಿದ ತಿಳಿವಳಿಕೆ ಅದು.

ಆದರೆ ಗಮನಿಸಿ. ಮುಹ್ತಸಿಬನ ಅಧಿಕಾರ ಬೀದಿಯವರೆಗೆ. ಮನೆಯ ಬಾಗಿಲು ದಾಟಿ ಅಡುಗೆಮನೆಗೆ ಹೋಗಿ, ಇಲ್ಲಿ ಕಿಂಡಿ ಎಲ್ಲಿದೆ ಎಂದು ಕೇಳುವ ಅಧಿಕಾರಿ ಯಾವ ರಾಜ್ಯದಲ್ಲೂ ಇರಲಿಲ್ಲ. ಬಾಗ್ದಾದಿನಲ್ಲೂ ಇಲ್ಲ, ಬಾರ್ಕೂರಿನಲ್ಲೂ ಇಲ್ಲ. ಸಾರ್ವಜನಿಕ ಹೊಗೆಯನ್ನು ಗಂಡಸರು ಉಸಿರಾಡುತ್ತಿದ್ದರು, ಅದು ಅನ್ಯಾಯವಾಯಿತು. ಮನೆಯ ಹೊಗೆಯನ್ನು ಹೆಂಗಸರು ಉಸಿರಾಡುತ್ತಿದ್ದರು, ಅದು ಸಂಸಾರವಾಯಿತು.

19ನೇ ಶತಮಾನದಲ್ಲಿ ನಮ್ಮ ಕರಾವಳಿಯ ಮಾಡು ಬದಲಾಯಿತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿತು. ಕ್ರಮೇಣ ಮುಳಿಹುಲ್ಲು ಮತ್ತು ಮಡಲಿನ ಮಾಡಿನ ಜಾಗಕ್ಕೆ ಮಂಗಳೂರು ಹೆಂಚು ಬಂತು. ಹೆಂಚುಗಳ ಸಂದಿಯಿಂದ ಹೊಗೆ ಸೋಸಿಕೊಂಡು ಹೋಗುತ್ತದೆ. ಮುಂಜಾನೆ ದೂರದಿಂದ ನೋಡಿದರೆ ಇಡೀ ಮಾಡೇ ಉಸಿರು ಬಿಡುತ್ತಿರುವಂತೆ ಕಾಣುತ್ತಿದ್ದುದನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಯಾವ ಯೋಜನೆಯೂ ಇಲ್ಲದೆ ಹೊಗೆ ಸ್ವಲ್ಪ ತಗ್ಗಿತು. ಆದರೆ ಒಲೆ ಬದಲಾಗಲಿಲ್ಲ.

ಹೊಗೆರಹಿತ ಒಲೆಯ ಕನಸು

ಒಲೆಯನ್ನೇ ಬದಲಿಸಬೇಕೆಂಬ ಯೋಚನೆ ಬಂದದ್ದು ಸ್ವಾತಂತ್ರ್ಯದ ಹೊಸ್ತಿಲಲ್ಲಿ. ಗಾಂಧೀಜಿಯವರ ಗ್ರಾಮೋದ್ಯೋಗ ಚಳವಳಿಯ ಕೇಂದ್ರವಾಗಿದ್ದ ವಾರ್ಧಾದ ಮಗನ್‌ವಾಡಿಯಲ್ಲಿ 1947ರ ಸುಮಾರಿಗೆ ‘ಮಗನ್ ಚೂಲಾ’ ರೂಪುಗೊಂಡಿತು. ಹೈದರಾಬಾದಿನ ಎಂಜಿನಿಯರಿಂಗ್ ಸಂಶೋಧನಾಲಯದ ಎಸ್.ಪಿ. ರಾಜು ಅವರು ಚಿಮಣಿಯುಳ್ಳ ಒಲೆಯನ್ನು ವಿನ್ಯಾಸಗೊಳಿಸಿ, 1953ರಲ್ಲಿ ಕೋಟ್ಯಂತರ ಜನರಿಗೆ ಹೊಗೆಯಿಲ್ಲದ ಅಡುಗೆಮನೆ ಬೇಕೆಂದು ವಾದಿಸುವ ಪುಸ್ತಕವನ್ನೇ ಬರೆದರು. ಅಡುಗೆ ಮಾಡುವವಳ ಕಣ್ಣು ಮತ್ತು ಶ್ವಾಸಕೋಶ ಎಂಜಿನಿಯರನ ಚಿಂತೆಯಾದದ್ದು ನಮ್ಮ ದೇಶದ ಮಟ್ಟಿಗೆ ಒಂದು ಮಹತ್ವದ ತಿರುವು.

ಕರ್ನಾಟಕದ ಕೊಡುಗೆ ಬಂದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ. ಅಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ‘ಅಸ್ತ್ರ’ ಎಂಬ ವಿಭಾಗ ಆರಂಭವಾಯಿತು. ಹಳ್ಳಿಗಳಿಗೆ ಉಪಯುಕ್ತವಾದ ತಂತ್ರಜ್ಞಾನ ಅದರ ಗುರಿ. ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಉಂಗ್ರ ಗ್ರಾಮದಲ್ಲಿ ಅವರು ವಿಸ್ತರಣಾ ಕೇಂದ್ರ ತೆರೆದು, ಸುತ್ತಲಿನ ಹಳ್ಳಿಗಳಲ್ಲಿ ಶಕ್ತಿಯ ಬಳಕೆಯನ್ನು ಮನೆಮನೆಗೆ ಹೋಗಿ ಲೆಕ್ಕ ಹಾಕಿದರು. ಹಳ್ಳಿ ಬಳಸುವ ಇಂಧನದಲ್ಲಿ ಬಹುಪಾಲು ಸೌದೆ, ಅದರಲ್ಲೂ ಬಹುಪಾಲು ಅಡುಗೆಗೆ ಮತ್ತು ಸ್ನಾನದ ನೀರಿಗೆ, ಅದನ್ನು ಹೊತ್ತು ತರುವವರಲ್ಲಿ ಹೆಂಗಸರು ಮಕ್ಕಳೇ ಹೆಚ್ಚು ಎಂಬುದು ಅಂಕಿ ಅಂಶಗಳೊಂದಿಗೆ ಹೊರಬಂತು.

1980ರ ದಶಕದ ಆರಂಭದಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ‘ಅಸ್ತ್ರ ಒಲೆ’ಯನ್ನು ರೂಪಿಸಿದರು. ಮಣ್ಣಿನಲ್ಲೇ ಕಟ್ಟುವ, ಮೂರು ಪಾತ್ರೆಗಳು ಸಾಲಾಗಿ ಕೂರುವ ಒಲೆ ಅದು. ಸೌದೆಯ ಕೆಳಗೆ ಜಾಲರಿ, ಬೆಂಕಿಯ ಬಾಯಿಗೆ ಮುಚ್ಚಳ, ಗಾಳಿಗೆ ಅಳತೆಯ ಕಿಂಡಿ, ಕೊನೆಗೆ ಚಿಮಣಿ. ಮೂರು ಕಲ್ಲಿನ ಒಲೆ ಸೌದೆಯ ಶಕ್ತಿಯಲ್ಲಿ ಶೇ. 10-15ರಷ್ಟನ್ನು ಪಾತ್ರೆಗೆ ಮುಟ್ಟಿಸಿದರೆ, ಅಸ್ತ್ರ ಒಲೆ ಪ್ರಯೋಗಶಾಲೆಯಲ್ಲಿ ಶೇ. 40ರ ಆಸುಪಾಸಿಗೆ ಏರಿತು. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಮೂಲಕ ಅದು ಕರ್ನಾಟಕದ ಹಳ್ಳಿಗಳಿಗೆ ಹೋಯಿತು. ‘ಅಸ್ತ್ರ ಒಲೆ’ ಎಂಬ ಹೆಸರು ಜನರ ಬಾಯಲ್ಲಿ ನಿಂತಿತು.

ಕೇಂದ್ರ ಸರಕಾರವೂ 1983ರಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. 2002ರಲ್ಲಿ ಅದು ನಿಲ್ಲುವ ಹೊತ್ತಿಗೆ 3 ಕೋಟಿಗೂ ಹೆಚ್ಚು ಒಲೆಗಳನ್ನು ಹಂಚಲಾಗಿತ್ತು ಎಂದು ಸರಕಾರಿ ಲೆಕ್ಕ ಹೇಳಿತು. ಆದರೆ ಒಲೆ ಕಟ್ಟಿದ ಲೆಕ್ಕವಿದ್ದಷ್ಟು ಗಟ್ಟಿಯಾಗಿ ಒಲೆ ಉರಿದ ಲೆಕ್ಕ ಇರಲಿಲ್ಲ. ಕೆಲವೆಡೆ ಚಿಮಣಿ ಮಸಿಯಿಂದ ಕಟ್ಟಿಕೊಂಡಿತು. ಕೆಲವೆಡೆ ದೊಡ್ಡ ಪಾತ್ರೆ ಕೂರಲೆಂದು ಮನೆಯವರೇ ಒಲೆಯ ಬಾಯಿ ಒಡೆದರು. ನಮ್ಮ ಕರಾವಳಿಯಂತಹ ಮಳೆನಾಡಿನಲ್ಲಿ ಮಾಡು ತೂತು ಮಾಡಿ ಚಿಮಣಿ ಏರಿಸುವುದೆಂದರೆ ಸೋರುವಿಕೆಗೆ ಆಹ್ವಾನ ಕೊಟ್ಟಂತೆ. ಕುಚಲಕ್ಕಿಯ ಚರಿಗೆಗೂ ಬಯಲುಸೀಮೆಯ ಮುದ್ದೆಯ ಪಾತ್ರೆಗೂ ಒಂದೇ ಅಳತೆಯ ತೂತು ಹೊಂದುವುದಿಲ್ಲ ಎಂಬುದನ್ನು ಅಡುಗೆ ಮಾಡುವವರನ್ನು ಕೇಳಿದ್ದರೆ ಹೇಳುತ್ತಿದ್ದರು.

ಉಳಿತಾಯ ಬೇರೆ, ಶುಭ್ರತೆ ಬೇರೆ

ಇನ್ನು ಈ ಕಥೆಯ ಮುಖ್ಯ ಗಂಟಿಗೆ ಬರೋಣ. ಸೌದೆ ಉಳಿಸುವ ಒಲೆ ಮತ್ತು ಶುಭ್ರವಾಗಿ ಉರಿಯುವ ಒಲೆ ಎರಡೂ ಒಂದೇ ಎಂದು ಬಹಳ ಕಾಲ ಭಾವಿಸಲಾಗಿತ್ತು. ಅವೆರಡು ಬೇರೆ ಬೇರೆ.

ಒಲೆಯ ಕೆಲಸದಲ್ಲಿ ಎರಡು ಹಂತಗಳಿವೆ. ಸೌದೆಯನ್ನು ಪೂರ್ತಿ ಸುಡುವುದು ಒಂದು. ಸುಟ್ಟಾಗ ಬಂದ ಬಿಸಿಯನ್ನು ಪಾತ್ರೆಗೆ ಮುಟ್ಟಿಸುವುದು ಇನ್ನೊಂದು. ಒಲೆಯನ್ನು ಸುತ್ತಲೂ ಮುಚ್ಚಿ, ಪಾತ್ರೆಯನ್ನು ಬೆಂಕಿಗೆ ಹತ್ತಿರ ತಂದು, ಗಾಳಿಯನ್ನು ಕಡಿಮೆ ಮಾಡಿದರೆ ಎರಡನೆಯ ಕೆಲಸ ಉತ್ತಮವಾಗುತ್ತದೆ, ಸೌದೆ ಉಳಿಯುತ್ತದೆ. ಆದರೆ ಗಾಳಿ ಕಡಿಮೆಯಾದ ಬೆಂಕಿ ಉಸಿರುಗಟ್ಟಿ ಹೊಗೆಯಾಡುವ ಅಪಾಯವಿದೆ. ಭಾರತದ ಮನೆಬಳಕೆಯ ಒಲೆಗಳನ್ನು ಪರೀಕ್ಷಿಸಿ ಕರ್ಕ್ ಸ್ಮಿತ್ ಮತ್ತು ಭಾರತೀಯ ವಿಜ್ಞಾನಿಗಳು 2000ದಲ್ಲಿ ಪ್ರಕಟಿಸಿದ ವರದಿ ಇದನ್ನು ಅಳೆದು ತೋರಿಸಿತು. ಕೆಲವು ಸುಧಾರಿತ ಒಲೆಗಳು ಬಿಸಿಯನ್ನು ಪಾತ್ರೆಗೆ ಮುಟ್ಟಿಸುವುದರಲ್ಲಿ ಮುಂದಿದ್ದರೂ, ಸುಡುವುದರಲ್ಲಿ ಹಳೆಯ ತೆರೆದ ಒಲೆಗಿಂತ ಹಿಂದಿದ್ದವು. ಒಂದು ಕಿಲೋ ಸೌದೆಗೆ ಅವು ಬಿಡುತ್ತಿದ್ದ ಹೊಗೆ ಹೆಚ್ಚೇ ಆಗಿತ್ತು. ಚಿಮಣಿಯಿದ್ದರೆ ಆ ಹೊಗೆ ಅಡುಗೆಮನೆಯ ಬದಲು ಅಂಗಳಕ್ಕೆ ಹೋಗುತ್ತದೆ, ಅಷ್ಟೇ. ‘ಹೊಗೆರಹಿತ’ ಎಂಬ ಪದ ಹೊಗೆ ಹುಟ್ಟುವುದಿಲ್ಲ ಎಂದು ಹೇಳುತ್ತಿರಲಿಲ್ಲ. ಹುಟ್ಟಿದ್ದು ಕಣ್ಣಿಗೆ ಬೀಳುವುದಿಲ್ಲ ಎಂದು ಹೇಳುತ್ತಿತ್ತು.

ಇದು ನಮ್ಮ ಬಡ ಹಳ್ಳಿಗಳ ಕಥೆ ಮಾತ್ರವಲ್ಲ. 1970ರ ದಶಕದ ತೈಲ ಬಿಕ್ಕಟ್ಟಿನ ಬಳಿಕ ಅಮೆರಿಕದಲ್ಲಿ ಲಕ್ಷಾಂತರ ಮನೆಗಳಿಗೆ ಕಬ್ಬಿಣದ ಸೌದೆ ಒಲೆಗಳು ಬಂದವು. ಮನೆ ಬೆಚ್ಚಗಿಡುವ ಆ ಒಲೆಗಳ ಗಾಳಿ ಕಿಂಡಿಯನ್ನು ಮುಚ್ಚಿ ರಾತ್ರಿಯಿಡೀ ಮೆಲ್ಲಗೆ ಉರಿಯಲು ಬಿಡುವುದು ರೂಢಿಯಾಯಿತು. ಸೌದೆ ಉಳಿಯಿತು, ಆದರೆ ಚಳಿಗಾಲದಲ್ಲಿ ಕಣಿವೆಯ ಊರುಗಳೇ ಹೊಗೆಯಲ್ಲಿ ಮುಳುಗಿದವು. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 1988ರಲ್ಲಿ ಮೊದಲ ಬಾರಿಗೆ ಸೌದೆ ಒಲೆಗಳ ಹೊಗೆಗೆ ಮಿತಿ ಹಾಕಿತು. ಸಾಮಾನ್ಯ ಒಲೆಗೆ ಗಂಟೆಗೆ 7.5 ಗ್ರಾಂ ಕಣಗಳು. 2020ರಿಂದ ಈ ಮಿತಿ ಗಂಟೆಗೆ ಸುಮಾರು 2 ಗ್ರಾಮಿಗೆ ಇಳಿಯಿತು. ಶ್ರೀಮಂತ ದೇಶದ ಹಳೆಯ ಒಲೆಯೂ ಹಾಗೇನೂ ಶುಭ್ರವಾಗಿ ಉರಿಯುತ್ತಿರಲಿಲ್ಲ ಎಂಬುದಕ್ಕೆ ಈ ಕಾನೂನೇ ಸಾಕ್ಷಿ.

ನಮ್ಮಲ್ಲಿ ಹೊಗೆ ಅಳೆಯುವ ಕೆಲಸ ತಡವಾಯಿತು. 1981ರಲ್ಲಿ ಇದೇ ಕರ್ಕ್ ಸ್ಮಿತ್ ಮತ್ತು ಸಂಗಡಿಗರು ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರ ಮೈಗೆ ಅಳತೆಯ ಉಪಕರಣ ಕಟ್ಟಿ ನೋಡಿದರು. ಒಲೆಯ ಮುಂದೆ ಅವರು ಉಸಿರಾಡುತ್ತಿದ್ದ ಗಾಳಿಯ ಪ್ರತಿ ಘನಮೀಟರಿನಲ್ಲಿ 7 ಮಿಲಿಗ್ರಾಮಿನಷ್ಟು ಹೊಗೆಯ ಕಣಗಳಿದ್ದವು. ಯಾವ ಕಾರ್ಖಾನೆಯ ಊರಿನ ಬೀದಿಯಲ್ಲಿ ಇಷ್ಟಿದ್ದರೂ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗುತ್ತಿತ್ತು. ಭಾರತೀಯ ಮಾನಕ ಬ್ಯೂರೋ ಒಲೆಗಳಿಗೆ 1991ರಲ್ಲೇ ಮಾನದಂಡ ತಂದಿತ್ತು. ಆದರೆ ಹೊಗೆಯ ಕಣಗಳು ಎಷ್ಟಿರಬೇಕೆಂಬ ಮಿತಿ ಅದಕ್ಕೆ ಸೇರಿದ್ದು 2013ರ ಪರಿಷ್ಕರಣೆಯಲ್ಲಿ. ಜಗತ್ತಿನಲ್ಲಿ ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಸುಮಾರು 32 ಲಕ್ಷ ಸಾವುಗಳು ಸಂಭವಿಸಿದವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಅವುಗಳಲ್ಲಿ ಐದು ವರ್ಷದೊಳಗಿನ ಮಕ್ಕಳೂ ಸೇರಿದ್ದಾರೆ. ಒಲೆಯ ಬಳಿ ಅಮ್ಮನ ಮಡಿಲಲ್ಲಿರುವ ಮಗು ಅಮ್ಮನಷ್ಟೇ ಹೊಗೆ ಕುಡಿಯುತ್ತದೆ.

ಹಾಗಾದರೆ ಹಿಂದಿನವರಿಗೆ ಕಾಯಿಲೆಯೇ ಇರಲಿಲ್ಲ ಎಂಬ ಮಾತು? ಹಿಂದೆ ಕೆಮ್ಮಿಗೆ ‘ಮುದಿತನ’ ಎಂಬ ಹೆಸರಿತ್ತು. ಕಣ್ಣು ಮಂಜಾದರೆ ‘ವಯಸ್ಸಾಯಿತು’ ಎನ್ನುತ್ತಿದ್ದರು. ಎಳೆಗೂಸು ಉಸಿರಾಟ ಕಟ್ಟಿ ಹೋದರೆ ಅದು ‘ಹಣೆಬರಹ’. ಕಾಯಿಲೆ ಇರಲಿಲ್ಲ ಎಂದಲ್ಲ, ಅದಕ್ಕೂ ಒಲೆಗೂ ಸಂಬಂಧ ಕಲ್ಪಿಸುವವರು ಇರಲಿಲ್ಲ.

ಒಲೆ ಬದಲಿಸಿದರೆ ಸಾಕೇ?

ಒಡಿಶಾದ ಹಳ್ಳಿಗಳಲ್ಲಿ ಸುಧಾರಿತ ಒಲೆ ಕಟ್ಟಿಸಿಕೊಂಡ ಮನೆಗಳನ್ನು ನಾಲ್ಕು ವರ್ಷ ಹಿಂಬಾಲಿಸಿದ ಒಂದು ದೊಡ್ಡ ಅಧ್ಯಯನ 2012ರಲ್ಲಿ ಹೊರಬಂತು. ರೆಮಾ ಹನ್ನಾ, ಎಸ್ತರ್ ಡುಫ್ಲೊ ಮತ್ತು ಮೈಕೆಲ್ ಗ್ರೀನ್‌ಸ್ಟೋನ್ ಅದರ ಲೇಖಕರು. ಮೊದಲ ವರ್ಷ ಹೊಗೆ ಕುಡಿಯುವುದು ತಗ್ಗಿತು. ಆಮೇಲೆ ಆ ಲಾಭ ಕಾಣೆಯಾಯಿತು. ಒಲೆಯನ್ನು ನಿಯಮಿತವಾಗಿ ಬಳಸಲಿಲ್ಲ, ರಿಪೇರಿ ಮಾಡಲಿಲ್ಲ, ಆರೋಗ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹೆಂಗಸರ ಸಮಯಕ್ಕೂ ಮನೆಯ ಹಣಕ್ಕೂ ಬೆಲೆ ಕೊಡದ ಕಡೆ ಚಿಮಣಿ ಗುಡಿಸುವುದು ಯಾರ ಕೆಲಸವಾದೀತು?

ಅದೇ ವೇಳೆ ನಮ್ಮ ರಾಜ್ಯದಲ್ಲೇ ಬೇರೆ ಅನುಭವವೂ ಇದೆ. ಅಸ್ತ್ರದ ಪರಂಪರೆಯಲ್ಲಿ ಬೆಳೆದ ಬೆಂಗಳೂರಿನ ‘ಟೈಡ್’ ಸಂಸ್ಥೆ ಅಡಿಕೆ ಬೇಯಿಸುವ, ಏಲಕ್ಕಿ ಒಣಗಿಸುವ, ಬೆಲ್ಲ ಕಾಯಿಸುವ, ರೇಷ್ಮೆ ಬಿಚ್ಚುವ ಒಲೆಗಳನ್ನು ಆಯಾ ಕಸುಬಿನವರ ಜೊತೆ ಕುಳಿತು ರೂಪಿಸಿತು. 2008ರಲ್ಲಿ ಅದಕ್ಕೆ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಬಂತು. ಇಲ್ಲಿ ಒಲೆ ಬಾಳಿದ್ದಕ್ಕೆ ಒಂದು ಕಾರಣ ಸ್ಪಷ್ಟವಿದೆ. ಉಳಿದ ಸೌದೆ ಕಸುಬಿನವನ ಜೇಬಿಗೆ ಹಣವಾಗಿ ಬರುತ್ತದೆ. ಮನೆಯ ಒಲೆಯಲ್ಲಿ ಉಳಿಯುವುದು ಹೆಂಡತಿಯ ಉಸಿರು. ಅದಕ್ಕೆ ಮಾರುಕಟ್ಟೆಯಲ್ಲಿ ದರವಿಲ್ಲ.

2016ರ ಮೇ 1ರಂದು ಆರಂಭವಾದ ಉಜ್ವಲ ಯೋಜನೆಯಿಂದ ಗ್ಯಾಸ್ ಸಂಪರ್ಕ ವ್ಯಾಪಕವಾಯಿತು. 2015-16ರಲ್ಲಿ ದೇಶದ ಶೇ. 43.8 ಮನೆಗಳು ಶುದ್ಧ ಇಂಧನ ಬಳಸುತ್ತಿದ್ದರೆ, 2019-21ರಲ್ಲಿ ಆ ಪ್ರಮಾಣ ಶೇ. 58.6ಕ್ಕೆ ಏರಿತೆಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಇದು ದೊಡ್ಡ ಬದಲಾವಣೆ. ಆದರೂ ಸಂಪರ್ಕ ಇರುವುದೆಲ್ಲ ಬಳಕೆಯಲ್ಲ. ಸಿಲಿಂಡರಿನ ಬೆಲೆ ಏರಿದ ತಿಂಗಳು ಸೌದೆ ಒಲೆ ಮತ್ತೆ ಹೊತ್ತಿಕೊಳ್ಳುತ್ತದೆ. ಬಾರ್ಕೂರಿನ ಸುತ್ತಮುತ್ತ ಚಹಾ, ಸಾಂಬಾರು ಗ್ಯಾಸಿನಲ್ಲಿ ಆದರೂ ಕುಚಲಕ್ಕಿಯ ಅನ್ನ, ಬಚ್ಚಲಿನ ಹಂಡೆ, ಮದುವೆ ಮನೆಯ ದೊಡ್ಡ ಅಡುಗೆ ಇನ್ನೂ ಎಷ್ಟೋ ಕಡೆ ಸೌದೆಯನ್ನೇ ನಂಬಿವೆ. ತೆಂಗಿನ ತೋಟವಿರುವ ಮನೆಗೆ ಮಡಲು ಕರಟ ಬಿಟ್ಟಿಯಾಗಿ ಸಿಗುವಾಗ ಇದು ಸಹಜವೂ ಹೌದು.

ಆದ್ದರಿಂದ ಹಳೆಯ ಒಲೆಯ ಪಾಠಗಳು ಇಂದಿಗೂ ಬೇಕು. ಮಳೆಗೆ ಮುನ್ನ ಸೌದೆ ಒಣಗಿಸಿ. ಸಣ್ಣ ಸೀಳು ಮಾಡಿ, ಒಮ್ಮೆಗೆ ಸ್ವಲ್ಪವೇ ಹಾಕಿ. ಒಲೆಯ ಬಾಯಿಗೆ ಸಿಪ್ಪೆ ತುರುಕಿ ಮುಚ್ಚಬೇಡಿ. ಬೂದಿ ತೆಗೆದು ಗಾಳಿಗೆ ದಾರಿ ಮಾಡಿ. ಚಿಮಣಿಯಿದ್ದರೆ ಗುಡಿಸಿ. ಬೆಂಕಿ ಹೊತ್ತಿಸಲು ಪ್ಲಾಸ್ಟಿಕ್ ಸುಡುವ ಹೊಸ ದುರಭ್ಯಾಸವನ್ನು ಬಿಡಿ, ಹಿಂದಿನವರ ಒಲೆಯಲ್ಲಿ ಈ ವಿಷವಂತೂ ಇರಲಿಲ್ಲ. ಎಳೆಗೂಸನ್ನು ಒಲೆಯ ಬಳಿಯಿಂದ ದೂರ ಇಡಿ. ಜೊತೆಗೆ ಈ ಕೆಲಸಗಳೆಲ್ಲ ಅಡುಗೆ ಮಾಡುವವಳದೇ ಎಂದು ಕೈತೊಳೆದುಕೊಳ್ಳದೆ ಮನೆಯ ಗಂಡಸರೂ ಮಾಡಬೇಕು. ಊಟ ಎಲ್ಲರದಾದರೆ ಹೊಗೆಯ ಹೊಣೆಯೂ ಎಲ್ಲರದು.

ಹಳೆಯ ಒಲೆ ಶುಭ್ರವಾಗಿ ಉರಿಯುತ್ತಿತ್ತೇ ಎಂಬ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಒಣ ಸೌದೆ, ಧಾರಾಳ ಗಾಳಿ, ಪಳಗಿದ ಕೈ ಮೂರೂ ಕೂಡಿದ ದಿನ ಅದು ನಾವಂದುಕೊಂಡದ್ದಕ್ಕಿಂತ ಚೆನ್ನಾಗಿ ಉರಿಯುತ್ತಿತ್ತು. ಮಿಕ್ಕ ದಿನಗಳಲ್ಲಿ ಉರಿಯುತ್ತಿರಲಿಲ್ಲ. ಆಷಾಢದ ಮಳೆಯಲ್ಲಂತೂ ಉರಿಯುತ್ತಲೇ ಇರಲಿಲ್ಲ. ಅಂದಿನ ರುಚಿಯನ್ನು ನೆನೆಯುವುದು ತಪ್ಪಲ್ಲ. ಆದರೆ ಅದರ ಬೆಲೆ ತೆತ್ತವರನ್ನು ಮರೆತು ನೆನೆಯುವುದು ಕೃತಘ್ನತೆ.

ಬಾರ್ಕೂರಿನ ಆ ಹಿರಿಯರ ಮನೆಯಿಂದ ಹೊರಡುವಾಗ ಅವರು ಹಳೆಯ ಅಡುಗೆಕೋಣೆ ತೋರಿಸಿದರು. ಒಲೆ ಒಡೆದು ತೆಗೆದು, ಗೋಡೆಗೆ ಎರಡೆರಡು ಬಾರಿ ಸುಣ್ಣ ಬಳಿದಿದ್ದರೂ ಮೂಲೆಯ ಕಪ್ಪು ಹಾಗೆಯೇ ಎದ್ದು ಕಾಣುತ್ತಿತ್ತು. ಸುಣ್ಣ ಹಿಡಿಯುವುದೇ ಇಲ್ಲ ಎಂದರು. ಬಾರ್ಕೂರಿಗೆ ಬರುವವರು ಕೋಟೆಯ ಕಲ್ಲು ನೋಡುತ್ತಾರೆ, ಬಸದಿಯ ಕಂಬ ನೋಡುತ್ತಾರೆ. ಆ ಕಪ್ಪು ಮೂಲೆಯೂ ಒಂದು ಶಾಸನವೇ.